ಸಾಕ್ಷಿ ಹೇಳುವ ನಾಲ್ಕು ಸಾಲು



ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಬೆಳವಣಕಿಯ ಸುತ್ತಮುತ್ತ ಕಣ್ಣು ಹಾಯಿಸಿದಷ್ಟು ದೂರ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋದಿ, ಕುಸುಬೆ. ಗುರುದೀಕ್ಷೆ ಪಡೆದು ಕೆಲವೇ ವರ್ಷಗಳಾಗಿದ್ದ ನಾನು 2005ರಲ್ಲಿ ಆ ಭಾಗದ ಹಳ್ಳಿಗಳಲ್ಲಿ ಸಮಾಜಸೇವೆಯ ಹೊಣೆ ಹೊತ್ತು ಬೆಳವಣಕಿಯ ಒಂದು ಬಾಡಿಗೆ ಕೋಣೆಯಲ್ಲಿ ವಾಸವಾಗಿದ್ದೆ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿ ಬಂದಿದ್ದ ನನಗೆ ಅಲ್ಲಿ ಹೊಸ ಪಾಠವೊಂದನ್ನು ಹೇಳಿಕೊಟ್ಟವರು ಎಂಟು ಎಕರೆ ಹೊಲದ ಒಡೆಯರಾದ ಒಬ್ಬ ಅಜ್ಜ. ಅವರು ಓದಿದ್ದು ನಾಲ್ಕನೆಯ ತರಗತಿ.

ಅದೇ ವರ್ಷದ ಡಿಸೆಂಬರಿನ ಒಂದು ಮುಂಜಾನೆ ಅವರ ಕಡಲೆ ಹೊಲಕ್ಕೆ ಹೋಗಿದ್ದೆ. ಧಾರವಾಡದ ಕೃಷಿ ಮೇಳದಿಂದ ರೈಜೋಬಿಯಂ ಪುಡಿಯನ್ನು ತಂದು, ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಿದ್ದರು. ಬೆಳೆ ಹುಲುಸಾಗಿತ್ತು. ಹೊಲದ ನಟ್ಟನಡುವೆ ನಾಲ್ಕು ಸಾಲುಗಳ ಎರಡೂ ತುದಿಗೆ ಗೂಟ ನೆಟ್ಟು ಹಳೆಯ ಸೀರೆಯ ಚೂರುಗಳನ್ನು ಕಟ್ಟಿದ್ದರು. ಅದೇನೆಂದು ಕೇಳಿದೆ.

“ಆ ನಾಕ ಸಾಲಿಗೆ ಪುಡಿ ಹಚ್ಚಿಲ್ಲರೀ ಫಾದರ. ಅವು ಸಾಕ್ಷಿ ಸಾಲು. ಪುಡಿ ಖರೇನ ಕೆಲಸ ಮಾಡೇತೋ ಇಲ್ಲೋ ಅನ್ನೂದನ್ನ ಸುಗ್ಗ್ಯಾಗ ಅವ ಹೇಳತಾವು.”

ಬದುವಿನ ಪಕ್ಕದಲ್ಲಿ ಬಿಟ್ಟಿದ್ದರೆ ಗುರುತಿಸಲು ಸುಲಭವಾಗುತ್ತಿತ್ತಲ್ಲವೇ ಎಂದೆ. ಅಜ್ಜ ನಕ್ಕರು. “ಒಡ್ಡಿನ ಬಾಜೂಕ ನೀರ ನಿಂದರತೈತಿ, ಹಸಿ ಜಾಸ್ತಿ. ನ್ಯಾಯ ಅಂದ ಮ್ಯಾಲ ಇಬ್ಬರಿಗೂ ಒಂದ ನೆಲ ಇರಬೇಕಲ್ಲರೀ?”

ಆ ಮಾತಿನ ಆಳ ಅಂದು ನನಗೆ ತಿಳಿಯಲಿಲ್ಲ. ತಿಳಿಯಲು ನಾನೊಂದು ತಪ್ಪು ಮಾಡಬೇಕಾಯಿತು.

ಆ ವರ್ಷದ ಜೂನ್ ತಿಂಗಳಲ್ಲಿ ಬೆಳವಣಕಿಗೆ ಸಮೀಪದ ಒಂದು ಹಳ್ಳಿಯಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳಿಗಾಗಿ ಸಂಜೆಯ ಪಾಠವನ್ನು ಆರಂಭಿಸಿದ್ದೆವು. ವಾರಕ್ಕೆ ಐದು ದಿನ, ಎರಡು ಗಂಟೆ, ಗಣಿತ ಮತ್ತು ಇಂಗ್ಲಿಷ್. ದೂರದ ದಾನಿಗಳು ಖರ್ಚನ್ನು ಭರಿಸುತ್ತಿದ್ದರು. 2006ರ ಬೇಸಿಗೆಯಲ್ಲಿ ಫಲಿತಾಂಶ ಬಂದಾಗ ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. ಹಿಂದಿನ ವರ್ಷ ಅರ್ಧದಷ್ಟು ಮಕ್ಕಳೂ ತೇರ್ಗಡೆಯಾಗದಿದ್ದ ಊರಿನಲ್ಲಿ ಆ ಸಲ ಬಹುಪಾಲು ಮಕ್ಕಳು ತೇರ್ಗಡೆಯಾಗಿದ್ದರು. “ಸಂಜೆಯ ಪಾಠದ ಫಲವಾಗಿ” ಎಂದು ಆರಂಭವಾಗುವ ಒಂದು ವರದಿಯನ್ನು ಬರೆದು ದಾನಿಗಳಿಗೆ ಕಳುಹಿಸಿದೆ. ಊರಿನಲ್ಲಿ ಒಂದು ಸನ್ಮಾನ ಸಭೆಯನ್ನೂ ಏರ್ಪಡಿಸಿದೆವು.

ಆ ಸಭೆಯಲ್ಲಿ ನಾನು ಮಾಡಿದ ಭಾಷಣವನ್ನು ನೆನೆದರೆ ಇಂದಿಗೂ ಮುಖ ಬಾಡುತ್ತದೆ. ಪಾಠಕ್ಕೆ ಬಂದ ಮಕ್ಕಳನ್ನು ಹೊಗಳಿದ ಮೇಲೆ, ಬಾರದೆ ಉಳಿದು ಅನುತ್ತೀರ್ಣಳಾದ ಒಬ್ಬ ಹುಡುಗಿಯನ್ನು ಉದಾಹರಿಸಿದೆ. ಹೆಸರು ಹೇಳಲಿಲ್ಲ, ಆದರೆ ಚಿಕ್ಕ ಊರಿನಲ್ಲಿ ಹೆಸರು ಹೇಳುವ ಅಗತ್ಯವೇನಿದೆ? “ತಂದೆತಾಯಿಯರ ಅಲಕ್ಷ್ಯದ ಫಲ ಇದು” ಎಂದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಆಕೆಯ ತಂದೆ ತಲೆ ತಗ್ಗಿಸಿದರು. ಸಭೆ ಮುಗಿಯುವ ಮುನ್ನವೇ ಎದ್ದುಹೋದರು.

ಮರುದಿನ ಅಜ್ಜ ನನ್ನ ಕೋಣೆಗೆ ಬಂದರು. ಒಂದು ಪಡಿ ಕಡಲೆ ಮುಂದಿಟ್ಟು ಕುಳಿತರು. ಸಾಕ್ಷಿ ಸಾಲುಗಳು ಏನು ಹೇಳಿದವು ಎಂದು ಕೇಳಿದೆ.

“ಸಾಕ್ಷಿ ಸಾಲೂ ಭರ್ಜರಿನ ಬಂದಾವರೀ. ಪುಡಿ ಹಚ್ಚಿದ್ದು ಅದಕಿಂತಾ ಒಂಚೂರು ಹೆಚ್ಚ ಬಂದೈತಿ. ಮಳಿ ಪಾಲು ಬ್ಯಾರೆ, ಪುಡಿ ಪಾಲು ಬ್ಯಾರೆ. ಆ ನಾಕ ಸಾಲು ಇಲ್ಲದಿದ್ದರ ಎಲ್ಲಾನೂ ಪುಡಿ ಹೆಸರಿಗೆ ಜಮಾ ಮಾಡತಿದ್ದೆ.” ಸ್ವಲ್ಪ ತಡೆದು ಮುಂದುವರಿಸಿದರು: “ಫಾದರ, ಒಂದ ಮಾತ ಕೇಳತೇನಿ, ಸಿಟ್ಟ ಮಾಡಬ್ಯಾಡ್ರಿ. ಹೋದ ವರ್ಷ ಮಳಿ ಆತು. ಗುಳೇ ಹೋಗೋರು ಊರಾಗ ಉಳದರು. ಹುಡುಗೂರು ದಿನಾ ಸಾಲಿಗೆ ಹೋದರು. ಅದರ ಪಾಲು ಯಾರ ಹೆಸರಿಗೆ ಜಮಾ ಮಾಡೀರಿ? ನಿಮ್ಮ ಕ್ಲಾಸಿಗೆ ಬಾರದ ಹುಡುಗೂರು ಎಷ್ಟ ಮಂದಿ ಪಾಸಾದರು? ನಿಮ್ಮ ಸಾಕ್ಷಿ ಸಾಲು ಎಲ್ಲೈತ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. 2001ರಿಂದ ಸತತವಾಗಿ ಮೂರು ವರ್ಷ ನಮ್ಮ ರಾಜ್ಯವನ್ನು ಬರ ಕಾಡಿತ್ತು. ಆ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಕೂಲಿ ಅರಸಿ ಊರು ಬಿಡುತ್ತಿದ್ದವು. 2005ರಲ್ಲಾದರೋ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ತುಂಬಿ ಹರಿದು ಕೆಲವೆಡೆ ಪ್ರವಾಹವೇ ಬಂದಿತ್ತು. ಶಾಲೆಯ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹಾಜರಿ ಪುಸ್ತಕವನ್ನೂ ಫಲಿತಾಂಶದ ಪಟ್ಟಿಯನ್ನೂ ಮುಂದಿಟ್ಟುಕೊಂಡು ಕುಳಿತೆ. ಅಜ್ಜನ ಅನುಮಾನ ನಿಜವಾಗಿತ್ತು. ನಮ್ಮ ಪಾಠಕ್ಕೆ ಕಾಲಿಡದ ಮಕ್ಕಳ ಫಲಿತಾಂಶವೂ ಹಿಂದಿನ ವರ್ಷಕ್ಕಿಂತ ಬಹಳ ಮೇಲೇರಿತ್ತು. ನಮ್ಮ ಮಕ್ಕಳದು ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಳೆಯ ಪಾಲನ್ನು ನಾನು ನನ್ನ ಹೆಸರಿಗೆ ಜಮಾ ಮಾಡಿಕೊಂಡಿದ್ದೆ.

ಅದೇ ಪುಸ್ತಕದಲ್ಲಿ ಆ ಹುಡುಗಿಯ ಹಾಜರಿಯನ್ನೂ ನೋಡಿದೆ. ನವೆಂಬರ್ ತಿಂಗಳಿನಿಂದ ಅವಳ ಹೆಸರಿನ ಮುಂದೆ ಬರೀ ಗೈರುಹಾಜರಿ. ವಿಚಾರಿಸಿದಾಗ ತಿಳಿಯಿತು: ತಾಯಿಗೆ ಹೃದಯದ ಕವಾಟದ ತೊಂದರೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದ್ದರು; ಹಣವಿರಲಿಲ್ಲ. ತಂದೆ ಕೂಲಿಗೆ ಹೋದರೆ ತಾಯಿಯನ್ನೂ ಚಿಕ್ಕ ತಮ್ಮನನ್ನೂ ನೋಡಿಕೊಳ್ಳಲು ಮನೆಯಲ್ಲಿದ್ದವಳು ಇವಳೊಬ್ಬಳೇ. ಸಂಜೆಯ ಪಾಠಕ್ಕೆ ಬಾರದಿದ್ದುದೂ, ಅನುತ್ತೀರ್ಣಳಾದುದೂ ಒಂದೇ ಬೇರಿನ ಎರಡು ಚಿಗುರುಗಳು. ನಾನು ಒಂದು ಚಿಗುರನ್ನು ಇನ್ನೊಂದಕ್ಕೆ ಕಾರಣವೆಂದು ಸಾರಿ, ತುಂಬಿದ ಸಭೆಯಲ್ಲಿ ಒಬ್ಬ ತಂದೆಯನ್ನು ತಲೆ ತಗ್ಗಿಸುವಂತೆ ಮಾಡಿದ್ದೆ.

ಅಂದು ಸಂಜೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ನಮ್ಮಂಥಾರ ಮನೀತನಕಾ ಬಂದು ತಪ್ಪಾತು ಅಂತ ಯಾರೂ ಅಂದಿರಲಿಲ್ಲರೀ. ಚಾ ಕುಡೀರಿ” ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಮಾತ್ರ ನನ್ನತ್ತ ನೋಡಲಿಲ್ಲ.

ಪ್ರಿಯರೇ, ಗುರುಮಠದಲ್ಲಿ ಅರಿಸ್ಟಾಟಲನ ನಾಲ್ಕು ಬಗೆಯ ಕಾರಣಗಳನ್ನು ನಾನು ಬಾಯಿಪಾಠ ಮಾಡಿದ್ದೆ. “ಇದರ ಅನಂತರ ಬಂದುದು ಇದರಿಂದಲೇ ಬಂದುದು” ಎಂಬ ಹುಸಿತರ್ಕದ ಬಗ್ಗೆ ನಮ್ಮ ಪ್ರಾಧ್ಯಾಪಕರು ಎಚ್ಚರಿಸಿದ್ದರು. ನಮ್ಮ ಹಿರಿಯರಂತೂ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯಲ್ಲಿ, ಕಾಕತಾಳೀಯವೆಂಬ ಒಂದೇ ಪದದಲ್ಲಿ ಇದನ್ನು ಹಿಡಿದಿಟ್ಟಿದ್ದಾರೆ. ಆದರೂ ಸ್ವಂತ ಕೆಲಸದ ಹೊಗಳಿಕೆಯ ವೇಳೆಗೆ ಈ ಜ್ಞಾನವೆಲ್ಲ ಮರೆತುಹೋಗುತ್ತದೆ. ಅಂದಿನಿಂದ ಸಮಾಜವಿಜ್ಞಾನಿಗಳು ಕಾರ್ಯಕಾರಣ ಸಂಬಂಧವನ್ನು ಹೇಗೆ ಅಳೆಯುತ್ತಾರೆಂಬುದನ್ನು ಬಿಡುವಿದ್ದಾಗಲೆಲ್ಲ ಓದುತ್ತ ಬಂದಿದ್ದೇನೆ. ಓದಿದ ಪ್ರತಿಯೊಂದು ವಿಧಾನದಲ್ಲೂ ಅಜ್ಜನ ಸಾಕ್ಷಿ ಸಾಲುಗಳೇ ನನಗೆ ಕಾಣಿಸುತ್ತವೆ.

ಅವರೆಲ್ಲರ ಮುಂದಿರುವ ಮೂಲ ತೊಡಕು ಒಂದೇ. ಒಂದು ಮಗು ಪಾಠಕ್ಕೆ ಬಂದರೆ, ಅದೇ ಮಗು ಅದೇ ವರ್ಷ ಪಾಠಕ್ಕೆ ಬಾರದಿದ್ದರೆ ಏನಾಗುತ್ತಿತ್ತೆಂಬುದನ್ನು ಯಾರೂ ಕಾಣಲಾರರು. ಒಬ್ಬರೇ ಎರಡು ದಾರಿಗಳಲ್ಲಿ ನಡೆಯಲಾರರು. ನಡೆಯದೆ ಉಳಿದ ದಾರಿಯ ಬಗ್ಗೆ ಸಾಕ್ಷಿ ಹೇಳಬಲ್ಲವರು ಬೇಕು. ಅವರು ಎಲ್ಲ ವಿಧದಲ್ಲೂ ಇವರಂತೆಯೇ ಇರಬೇಕು. ಇಲ್ಲಿಯೇ ಕಷ್ಟ. ನಮ್ಮ ಪಾಠಕ್ಕೆ ಬಂದ ಮಕ್ಕಳ ಮನೆಗಳಲ್ಲಿ ದೀಪವಿತ್ತು, ಕೆಲಸದಿಂದ ಬಿಡುವಿತ್ತು, ಓದಲು ಒತ್ತಾಯಿಸುವ ತಾಯಂದಿರಿದ್ದರು. ಬಾರದವರು ಹಾಗಿರಲಿಲ್ಲ. ಆದ್ದರಿಂದ ಅವರಿಬ್ಬರ ನಡುವಿನ ಆ “ಸ್ವಲ್ಪ ಹೆಚ್ಚು” ಕೂಡ ಪೂರ್ತಿಯಾಗಿ ನಮ್ಮ ಪಾಠದ್ದೆಂದು ಹೇಳುವಂತಿರಲಿಲ್ಲ. ಬದುವಿನ ಪಕ್ಕದ ಸಾಲನ್ನು ನಡುಹೊಲದ ಸಾಲಿನೊಡನೆ ಹೋಲಿಸಿದಂತೆ ಅದು.

ದಾನಿಯೇಲನ ಗ್ರಂಥದ ಮೊದಲ ಅಧ್ಯಾಯ ನಿಮಗೆ ನೆನಪಿರಬಹುದು. ಅರಸನ ಭೋಜನವನ್ನು ಒಲ್ಲದ ದಾನಿಯೇಲ ಮತ್ತು ಅವನ ಮೂವರು ಗೆಳೆಯರು ಹತ್ತು ದಿನ ಕಾಯಿಪಲ್ಲೆ ಮತ್ತು ನೀರನ್ನು ಮಾತ್ರ ಸೇವಿಸಿ, ಆಮೇಲೆ ತಮ್ಮನ್ನು ಅರಸನ ಆಹಾರ ಉಂಡ ಯುವಕರೊಡನೆ ಹೋಲಿಸಿ ನೋಡುವಂತೆ ಮೇಲ್ವಿಚಾರಕನನ್ನು ಕೇಳಿಕೊಳ್ಳುತ್ತಾರೆ. ಹೋಲಿಕೆಯ ಪರೀಕ್ಷೆಗೆ ಇದಕ್ಕಿಂತ ಹಳೆಯ ಉದಾಹರಣೆ ನಾನರಿಯೆ. ಆದರೆ ಇಂದಿನ ಸಂಶೋಧಕನೊಬ್ಬ ಕೇಳಿಯಾನು: ಆ ನಾಲ್ವರು ತಾವಾಗಿಯೇ ಮುಂದೆ ಬಂದವರಲ್ಲವೇ? ಅಂಥ ಸಂಕಲ್ಪಬಲದ ಯುವಕರು ಏನನ್ನು ಉಂಡಿದ್ದರೂ ಕಳೆಕಳೆಯಾಗಿ ಇರುತ್ತಿರಲಿಲ್ಲವೇ?

ಈ ತೊಡಕಿಗೆ ಪರಿಹಾರವೂ ಹೊಲದಿಂದಲೇ ಬಂತು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞ, ಯಾವ ತುಂಡಿಗೆ ಗೊಬ್ಬರ, ಯಾವುದಕ್ಕೆ ಇಲ್ಲ ಎಂಬುದನ್ನು ರೈತನಾಗಲಿ ವಿಜ್ಞಾನಿಯಾಗಲಿ ಆರಿಸಬಾರದು, ಚೀಟಿ ಎತ್ತಿ ನಿರ್ಧರಿಸಬೇಕು ಎಂದು ವಾದಿಸಿದ. ಚೀಟಿಗೆ ಪಕ್ಷಪಾತವಿಲ್ಲ. ತುಂಡುಗಳು ಸಾಕಷ್ಟಿದ್ದರೆ ಹಸಿ ನೆಲವೂ ಒಣ ನೆಲವೂ ಎರಡು ಗುಂಪುಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ನಮ್ಮ ಕಣ್ಣಿಗೆ ಕಾಣದ ವ್ಯತ್ಯಾಸಗಳೂ ಹಾಗೆಯೇ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸುವಾಗ ಪ್ರೇಷಿತರು ಚೀಟಿ ಹಾಕಿದ ಪ್ರಸಂಗವನ್ನು ಎಷ್ಟೋ ಸಲ ಓದಿದ್ದ ನನಗೆ, ಚೀಟಿಯೊಳಗೆ ಅಡಗಿರುವ ಈ ನ್ಯಾಯ ಹೊಳೆದಿರಲಿಲ್ಲ.

ಈ ವಿಧಾನ ಹೊಲದಿಂದ ಔಷಧಕ್ಕೆ, ಔಷಧದಿಂದ ಸಮಾಜಕ್ಕೆ ಬಂದಿದೆ. ರಾಜಸ್ಥಾನದ ಉದಯಪುರ ಜಿಲ್ಲೆಯ 134 ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಲಸಿಕೆಗಳು ಪೂರ್ತಿಯಾಗುತ್ತಿಲ್ಲ, ಕಾರಣವೇನು? ಜನರ ಅಜ್ಞಾನವೋ, ಮೂಢನಂಬಿಕೆಯೋ, ಸೌಲಭ್ಯದ ಕೊರತೆಯೋ? ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಚೀಟಿಯ ಮೂಲಕ ಹಳ್ಳಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನ ಹಳ್ಳಿಗಳಲ್ಲಿ ತಪ್ಪದೆ ನಡೆಯುವ ಲಸಿಕೆ ಶಿಬಿರ. ಇನ್ನೊಂದರಲ್ಲಿ ಶಿಬಿರದ ಜೊತೆಗೆ, ಪ್ರತಿ ಲಸಿಕೆಗೂ ತಾಯಿಯ ಕೈಗೆ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆಗಳು. ಮೂರನೆಯ ಗುಂಪಿನಲ್ಲಿ ಎಂದಿನ ವ್ಯವಸ್ಥೆ. ಅದು ಸಾಕ್ಷಿ ಸಾಲು. ಕೊನೆಯಲ್ಲಿ ಎಣಿಸಿದಾಗ ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಲಸಿಕೆ ಪೂರ್ತಿಯಾದವರು ಎಂದಿನ ವ್ಯವಸ್ಥೆಯ ಹಳ್ಳಿಗಳಲ್ಲಿ ಶೇಕಡಾ 6, ಶಿಬಿರ ನಡೆದಲ್ಲಿ ಶೇಕಡಾ 18, ಬೇಳೆಯನ್ನೂ ಕೊಟ್ಟಲ್ಲಿ ಶೇಕಡಾ 39. ತಾಯಂದಿರಿಗೆ ಮಕ್ಕಳ ಮೇಲೆ ಅಕ್ಕರೆ ಇರಲಿಲ್ಲವೆಂದಲ್ಲ. ಒಂದು ದಿನದ ಕೂಲಿ ಬಿಟ್ಟು ಬರುವ ಹೊರೆಯನ್ನು ಒಂದು ಕಿಲೋ ಬೇಳೆ ಸ್ವಲ್ಪ ಇಳಿಸಿತು. ಅವರನ್ನು ಮೂಢರೆಂದು ಜರೆದಿದ್ದವರು ಎಷ್ಟು ಜನರೋ! ಆ ಪಟ್ಟಿಯಲ್ಲಿ ನನ್ನಂಥವರ ಹೆಸರೂ ಇದ್ದೀತು. ಬಡತನ ನಿವಾರಣೆಗೆ ಇಂಥ ಪ್ರಯೋಗಗಳ ದಾರಿ ತೋರಿದ್ದಕ್ಕಾಗಿ ಬ್ಯಾನರ್ಜಿ, ಡುಫ್ಲೊ ಮತ್ತು ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಇದನ್ನೆಲ್ಲ ಓದುವುದಕ್ಕೆ ಮುಂಚೆಯೇ, 2006ರ ಜೂನ್‌ನಲ್ಲಿ, ಅಜ್ಜನ ಸಲಹೆಯಂತೆ ನಾವೂ ಚೀಟಿ ಎತ್ತಿದೆವು. ಆ ವರ್ಷ ನಮ್ಮ ಕೋಣೆಯಲ್ಲಿ ಹಿಡಿಯುವುದಕ್ಕಿಂತ ಎರಡು ಪಟ್ಟು ಮಕ್ಕಳು ಪಾಠಕ್ಕೆ ಬರಲು ಮುಂದಾಗಿದ್ದರು. ಪರಿಚಯದವರ ಮಕ್ಕಳಿಗೆ ಮೊದಲ ಜಾಗವೆಂಬ ದೂರು ಬರದಂತೆ ಎಲ್ಲರೆದುರು ಡಬ್ಬಿಯಿಂದ ಚೀಟಿ ತೆಗೆದೆವು. ಹೆಸರು ಬಾರದ ಹುಡುಗನೊಬ್ಬ ಅತ್ತುಬಿಟ್ಟ. ಒಳ್ಳೆಯದನ್ನು ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದಿರುವುದು ಪಾಪವಲ್ಲವೇ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಎಲ್ಲರಿಗೂ ಸಾಕಾಗುವಷ್ಟು ಇದ್ದಾಗ ತಡೆಹಿಡಿಯುವುದು ಪಾಪವೇ ಸರಿ. ಸಾಲದಿದ್ದಾಗ ಚೀಟಿಯಷ್ಟು ನ್ಯಾಯವಾದುದು ಬೇರಿಲ್ಲ. ಕೊಟ್ಟದ್ದು ಒಳ್ಳೆಯದೋ ಅಲ್ಲವೋ ಎಂಬುದೂ ಅದರಿಂದಲೇ ತಿಳಿಯುತ್ತದೆ.

ವರ್ಷದ ಕೊನೆಗೆ ಚೀಟಿ ಬಂದ ಮಕ್ಕಳ ಅಂಕಗಳು ಬಾರದವರಿಗಿಂತ ತುಸು ಹೆಚ್ಚಿದ್ದವು. ಆದರೆ ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಸಲ ಒಂದೇ ಮುಖ ಬೀಳುವುದು ಅಪರೂಪವೇನಲ್ಲ. ಸಾವಿರ ಸಲ ಚಿಮ್ಮಿ ಏಳುನೂರು ಸಲ ಹಾಗೆ ಬಿದ್ದರೆ ಮಾತ್ರ ನಾಣ್ಯವನ್ನು ಸಂಶಯಿಸಬೇಕು. ನಮ್ಮದು ಬೆರಳೆಣಿಕೆಯ ಮಕ್ಕಳ ಲೆಕ್ಕ. ವ್ಯತ್ಯಾಸ ಪಾಠದಿಂದಲೋ ಅದೃಷ್ಟದಿಂದಲೋ ಎಂದು ನಿಶ್ಚಯಿಸಲು ಸಾಲದು. ಹಳೆಯ ವರದಿ ತಪ್ಪೆಂದೂ, ಹೊಸ ಲೆಕ್ಕದಿಂದ ಇನ್ನೂ ಖಚಿತವಾಗಿ ಹೇಳಲಾಗದೆಂದೂ ದಾನಿಗಳಿಗೆ ಬರೆದೆ. ಮುಂದಿನ ವರ್ಷದ ನೆರವು ಕಡಿಮೆಯಾಯಿತು. ಐದು ದಿನದ ಪಾಠ ಮೂರು ದಿನಕ್ಕೆ ಇಳಿಯಿತು. ಸತ್ಯಕ್ಕೆ ತಕ್ಷಣವೇ ಬಹುಮಾನ ಸಿಗುತ್ತದೆಂದು ನಾನು ಎಂದೂ ಪ್ರಬೋಧಿಸಿಲ್ಲ.

ಎಲ್ಲವನ್ನೂ ಚೀಟಿ ಎತ್ತಿ ಪರೀಕ್ಷಿಸಲು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ. ಆದರೆ ಕೆಲವು ಸಲ ಸರ್ಕಾರದ ಒಂದು ನಿರ್ಧಾರವೇ, ತನಗೆ ಅರಿವಿಲ್ಲದೆ, ಸಾಕ್ಷಿ ಸಾಲನ್ನು ಬಿಟ್ಟುಹೋಗಿರುತ್ತದೆ. ಶಾಲೆಯ ಬಿಸಿಯೂಟವನ್ನೇ ನೋಡಿ. ಅಕ್ಷರ ದಾಸೋಹ 2002ರಲ್ಲಿ ಕೊಪ್ಪಳ, ಬಾಗಲಕೋಟೆ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, 2003ರಲ್ಲಿ ನಮ್ಮ ಗದಗ ಜಿಲ್ಲೆಗೂ ಉಳಿದ ಜಿಲ್ಲೆಗಳಿಗೂ ಬಂತು. ರೋಣದ ಒಂದು ಮಗ್ಗುಲಿಗೆ ಬಾದಾಮಿ, ಅಂದು ರೋಣ ತಾಲ್ಲೂಕಿನಲ್ಲೇ ಇದ್ದ ಗಜೇಂದ್ರಗಡದ ಆಚೆಗೆ ಯಲಬುರ್ಗಾ. ಅದೇ ಬರ, ಹೆಚ್ಚುಕಡಿಮೆ ಅದೇ ಬದುಕು. ಆಚೆಯ ಮಕ್ಕಳಿಗೆ ಒಂದು ವರ್ಷ ಮೊದಲು ಊಟ, ಈಚೆಯವರಿಗೆ ಒಂದು ವರ್ಷ ತಡ. ಬಿಸಿಯೂಟದಿಂದ ಹಾಜರಿ ಹೆಚ್ಚಿತೇ ಎಂದು ತಿಳಿಯಬಯಸುವವನು ಆ ಒಂದು ವರ್ಷದಲ್ಲಿ ಬಾದಾಮಿಯ ಹಾಜರಿ ಎಷ್ಟು ಏರಿತು, ರೋಣದ್ದು ಎಷ್ಟು ಏರಿತು ಎಂದು ನೋಡಿ, ಒಂದು ಏರಿಕೆಯಿಂದ ಇನ್ನೊಂದನ್ನು ಕಳೆಯಬೇಕು. ಮಳೆಯಂತಹ, ಎರಡೂ ಕಡೆಗೆ ಸಮಾನವಾದ ಕಾರಣಗಳು ಆ ವ್ಯವಕಲನದಲ್ಲಿ ಕಳೆದುಹೋಗುತ್ತವೆ. ಇಂಥ ಸಹಜ ಪ್ರಯೋಗಗಳನ್ನು ಓದುವ ವಿಧಾನವನ್ನು ಬೆಳೆಸಿದ ಡೇವಿಡ್ ಕಾರ್ಡ್, ಜೋಶುವಾ ಆಂಗ್ರಿಸ್ಟ್ ಮತ್ತು ಗೀಡೊ ಇಂಬೆನ್ಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಸಂದಿತು.

ಇಂಥದೇ ಒಂದು ಗಡಿರೇಖೆಯ ಕಥೆ ಆ ಹುಡುಗಿಯ ಮನೆಗೂ ಬಂದು ಸೇರುತ್ತದೆ.

ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯರೋಗ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಕರ್ನಾಟಕ ಸರ್ಕಾರ 2010ರಲ್ಲಿ ಆರಂಭಿಸಿತು. ಕುಟುಂಬವೊಂದಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗೆ, ಅಗತ್ಯ ಬಿದ್ದರೆ ಇನ್ನೂ ಐವತ್ತು ಸಾವಿರ. ಹಳ್ಳಿಗಳಲ್ಲೇ ತಪಾಸಣಾ ಶಿಬಿರಗಳು ನಡೆದವು. ಮೊದಲು ಇದು ಜಾರಿಗೆ ಬಂದುದು ಉತ್ತರದ ಜಿಲ್ಲೆಗಳಲ್ಲಿ, ಅಂದರೆ ಇಂದು ಕಲಬುರಗಿ ಎನಿಸಿಕೊಂಡಿರುವ ಅಂದಿನ ಗುಲ್ಬರ್ಗ ವಿಭಾಗ ಮತ್ತು ಬೆಳಗಾವಿ ವಿಭಾಗಗಳಲ್ಲಿ. ಬೆಳವಣಕಿ ಆ ಭಾಗ್ಯದ ಕಡೆಗಿತ್ತು. ಗಡಿಯ ದಕ್ಷಿಣದ ಹಳ್ಳಿಗಳು ಕಾಯಬೇಕಾಯಿತು.

ನೀರಜ್ ಸೂದ್ ಮತ್ತು ಸಂಗಡಿಗರು ಆ ಗಡಿಯ ಎರಡೂ ಬದಿಯ 572 ಹಳ್ಳಿಗಳಲ್ಲಿ, ಸುಮಾರು 60 ಸಾವಿರ ಮನೆಗಳ ಸಮೀಕ್ಷೆ ನಡೆಸಿದರು. ಯೋಜನೆ ಇದ್ದ 300 ಹಳ್ಳಿಗಳು ಉತ್ತರಕ್ಕೆ, ಇಲ್ಲದ 272 ಹಳ್ಳಿಗಳು ದಕ್ಷಿಣಕ್ಕೆ. ಅದರ ಫಲಿತಾಂಶ 2014ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆ ಬಿ.ಎಂ.ಜೆ.ಯಲ್ಲಿ ಪ್ರಕಟವಾಯಿತು. ಯೋಜನೆಯಡಿ ಚಿಕಿತ್ಸೆ ಸಿಗಬಹುದಾಗಿದ್ದ ಕಾಯಿಲೆಗಳಿಂದ ಆದ ಸಾವುಗಳ ಪ್ರಮಾಣ, ಬಡ ಕುಟುಂಬಗಳಲ್ಲಿ, ಗಡಿಯ ಉತ್ತರಕ್ಕೆ ಶೇಕಡಾ 0.32; ಕೂಗಳತೆಯ ದಕ್ಷಿಣಕ್ಕೆ ಶೇಕಡಾ 0.90. ಈ ವ್ಯತ್ಯಾಸ ಯೋಜನೆಯಿಂದಲೇ ಬಂದುದೆಂದು ಹೇಗೆ ನಂಬುವುದು? ಉತ್ತರದ ನೀರು ಗಾಳಿಯೇ ಒಳ್ಳೆಯದಿರಬಹುದಲ್ಲ? ಅದಕ್ಕೂ ಅವರ ಬಳಿ ಸಾಕ್ಷಿಯಿತ್ತು. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಗಿಂತ ಮೇಲಿನ ಮನೆಗಳಲ್ಲಿ ಗಡಿಯ ಎರಡೂ ಕಡೆ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ನೀರು ಗಾಳಿ ಕಾರಣವಾಗಿದ್ದರೆ ಅವರಿಗೂ ಅದರ ಲಾಭ ಸಿಗಬೇಕಿತ್ತು.

ಆ ಹುಡುಗಿಯ ತಾಯಿ 2006ರಿಂದ ಮಾತ್ರೆಗಳ ಮೇಲೆ ದಿನ ದೂಡುತ್ತಿದ್ದರು. 2011ರಲ್ಲಿ ಶಿಬಿರವೊಂದರಲ್ಲಿ ತಪಾಸಣೆಯಾಗಿ, ಒಂದು ರೂಪಾಯಿ ಖರ್ಚಿಲ್ಲದೆ ಅವರ ಶಸ್ತ್ರಚಿಕಿತ್ಸೆ ನಡೆಯಿತು. ಆ ವೇಳೆಗೆ ನನಗೆ ಬೇರೆಡೆಗೆ ವರ್ಗವಾಗಿತ್ತು. ಸುದ್ದಿ ತಿಳಿದು ನೋಡಲು ಹೋದಾಗ ಅವರು ತಾವೇ ಎದ್ದು ಬಾಗಿಲಿಗೆ ಬಂದರು. “ನೀವು ಬೇಡಿಕೊಂಡ ಪುಣ್ಯಾರೀ” ಎಂದು ತಂದೆ ಕೈಮುಗಿದರು. “ಕಾರ್ಡಿನ ಪುಣ್ಯ” ಎಂದು ಮಗ ನಕ್ಕ. ತಾಯಿ ಇಬ್ಬರನ್ನೂ ನೋಡಿ ಸುಮ್ಮನಿದ್ದರು.

ಯಾವುದು ಕಾರಣ? ಸಾವಿರಾರು ಮನೆಗಳ ಲೆಕ್ಕದಲ್ಲಿ ಯೋಜನೆ ಜೀವ ಉಳಿಸಿತೆಂದು ಧೈರ್ಯವಾಗಿ ಹೇಳಬಹುದು. ಆದರೆ ಈ ಒಬ್ಬ ತಾಯಿ ಯೋಜನೆ ಇಲ್ಲದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಎಂಬುದನ್ನು ಯಾವ ಶಾಸ್ತ್ರವೂ ಹೇಳಲಾರದು. ಆಕೆಗೆ ಸಾಕ್ಷಿ ಸಾಲಿಲ್ಲ. ದೇವರು ವೈದ್ಯರ ಕೈಗಳ ಮೂಲಕ, ಸರ್ಕಾರದ ಕಡತಗಳ ಮೂಲಕವೂ ಕೆಲಸ ಮಾಡಬಲ್ಲನೆಂಬ ನನ್ನ ವಿಶ್ವಾಸ ಬೇರೆಯ ನೆಲೆಯದು. ಅದನ್ನು ತಕ್ಕಡಿಗೆ ಹಾಕುವ ಗೋಜಿಗೆ ನಾನು ಹೋಗುವುದಿಲ್ಲ. ಅಂದು ರಾತ್ರಿ ನನ್ನ ನಿದ್ದೆಗೆಡಿಸಿದ್ದು ಬೇರೆಯೇ ವಿಚಾರ. ಗಡಿಯ ದಕ್ಷಿಣದಲ್ಲಿ, ಇದೇ ಕಾಯಿಲೆಯ, ಇದೇ ಬಡತನದ ಇನ್ನೊಬ್ಬ ತಾಯಿ ಇದ್ದಿರಬೇಕಲ್ಲವೇ? ಮುಂದೆ ಸಮೀಕ್ಷೆಯಲ್ಲಿ 0.90 ಎಂಬ ಅಂಕಿಯನ್ನು ಓದಿದಾಗಲೂ ನನಗೆ ಆ ಕಾಣದ ತಾಯಿಯೇ ನೆನಪಾದರು. ಸಾಕ್ಷಿ ಸಾಲಿನಲ್ಲಿ ನಿಂತವರೂ ಮನುಷ್ಯರೇ. ಅವರ ಸಾಕ್ಷ್ಯವನ್ನು ಕೇಳಿ ಮರೆತುಬಿಡುವುದಾದರೆ ಅಳತೆಯೆಲ್ಲ ವ್ಯರ್ಥ. ಆ ಯೋಜನೆ ಬಳಿಕ ದಕ್ಷಿಣದ ಜಿಲ್ಲೆಗಳಿಗೂ ವಿಸ್ತರಿಸಿತು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು.

ಈ ವಿಧಾನಗಳಿಗೂ ಮಿತಿಯಿದೆ. ಉದಯಪುರದಲ್ಲಿ ನಡೆದದ್ದು ರೋಣದಲ್ಲಿ ಹಾಗೆಯೇ ನಡೆದೀತೆಂಬ ಭರವಸೆಯಿಲ್ಲ. ಸರಾಸರಿಯ ಲೆಕ್ಕ ಒಬ್ಬೊಬ್ಬರ ಕಥೆಯನ್ನು ಹೇಳುವುದಿಲ್ಲ. ತಾಯಿಯ ಬಳಿ ಕುಳಿತು ಒಂದು ವರ್ಷ ಕಳೆದ ಮಗಳ ಪ್ರೀತಿಗೆ ಅಂಕಪಟ್ಟಿಯಲ್ಲಿ ಕಾಲಮ್ಮಿಲ್ಲ. ಆದರೂ ಹೋಲಿಸಿ ನೋಡದೆ ಕಾರಣ ಹೇಳುವ ಚಟಕ್ಕಿಂತ ಈ ಅಪೂರ್ಣ ಅಳತೆ ಎಷ್ಟೋ ಮೇಲು.

ಏಕೆಂದರೆ ನಾವು ಕಾರಣ ಹೇಳುವಾಗಲೆಲ್ಲ ಹೆಚ್ಚಾಗಿ ಯಾರನ್ನೋ ದೂಷಿಸುತ್ತಿರುತ್ತೇವೆ. ಸೊಸೆ ಬಂದ ವರ್ಷ ಎತ್ತು ಸತ್ತಿತು, ಮೊಬೈಲಿನಿಂದ ಮಗ ಕೆಟ್ಟ, ಪ್ರಾರ್ಥನೆ ತಪ್ಪಿಸಿದ್ದಕ್ಕೆ ಕಾಯಿಲೆ ಬಂತು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಇವನ ಹೆತ್ತವರದೋ ಎಂದು ಯೇಸುಸ್ವಾಮಿಯನ್ನು ಕೇಳಿದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದಲ್ಲಿದೆ. ಅವರು ಕೊಟ್ಟ ಎರಡು ಉತ್ತರಗಳನ್ನೂ ಪ್ರಭು ಒಪ್ಪಲಿಲ್ಲ. ಆ ಸನ್ಮಾನ ಸಭೆಯಲ್ಲಿ ನಾನು ಕೇಳಿದ್ದು ಶಿಷ್ಯರ ಪ್ರಶ್ನೆಯನ್ನೇ. ಉತ್ತರವನ್ನೂ ನಾನೇ ಕೊಟ್ಟುಕೊಂಡಿದ್ದೆ.

ಅಜ್ಜ ಈಗಿಲ್ಲ. ಕಳೆದ ಸಲ ಬೆಳವಣಕಿಗೆ ಹೋದಾಗ ಅವರ ಮೊಮ್ಮಗ ಹೊಲ ತೋರಿಸಿದ. ಹೊಸ ತಳಿಯ ಕಡಲೆ ಬಿತ್ತಿದ್ದ. ನಡುಹೊಲದಲ್ಲಿ ನಾಲ್ಕು ಸಾಲುಗಳ ತುದಿಗೆ ಗೂಟಗಳಿದ್ದವು; ಸೀರೆಯ ಚೂರಿನ ಬದಲು ಗೊಬ್ಬರದ ಚೀಲದ ದಾರ. ಆ ಹುಡುಗಿಯ ಸುದ್ದಿಯನ್ನೂ ಅವನೇ ಹೇಳಿದ. ಮಾರನೆಯ ವರ್ಷವೇ ಅವಳು ಹೊರಗಿನಿಂದ ಪರೀಕ್ಷೆ ಕಟ್ಟಿ ತೇರ್ಗಡೆಯಾಗಿದ್ದಳಂತೆ. ಈಗ ಅವಳ ಮಗಳು ಹೈಸ್ಕೂಲಿಗೆ ಹೋಗುತ್ತಾಳಂತೆ. ಹೇಗೆ ತೇರ್ಗಡೆಯಾದಳು, ಯಾರಿಂದ, ಯಾವ ಕಾರಣದಿಂದ ಎಂದು ನಾನು ಕೇಳಲಿಲ್ಲ. ಕೇಳಿ ಸಂತೋಷಪಟ್ಟೆ.